ಲೆಫ್ಟ್ ವಿಂಗ್: ಅಂದಿನ ಪಟ್ಟಿ, ಇಂದಿನ ಪಟ್ಟಿ

ನಾನು ಕೆಲಸ ಹುಡುಕಿಕೊಂಡು ಕೆನಡಾದ ವಿನ್ನಿಪೆಗ್‌ಗೆ ಬಂದದ್ದು 1974ರಲ್ಲಿ. ಐಸ್ ಹಾಕಿಯಲ್ಲಿ ಎಲ್ಲರಿಗಿಂತ ದೊಡ್ಡ ಲೆಫ್ಟ್ ವಿಂಗರ್ ಯಾರು ಎಂದು ಆ ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಬಾಬಿ ಹಲ್, ಅಷ್ಟೇ. ಜಗಳವೇನಿದ್ದರೂ ಎರಡನೆಯ ಸ್ಥಾನಕ್ಕೆ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಯುಕ್ರೇನ್ ಮೂಲದ ಹಿರಿಯರೊಬ್ಬರು ಟೆಡ್ ಲಿಂಡ್ಸೇ ಎಂದು ಹಟ ಹಿಡಿಯುತ್ತಿದ್ದರು. ಟೊರಾಂಟೋ ಕಡೆಯವನೊಬ್ಬ ಫ್ರಾಂಕ್ ಮಹೋವ್ಲಿಚ್ ಬಿಟ್ಟರೆ ಬೇರೆ ಹೆಸರು ಎತ್ತಲು ಬಿಡುತ್ತಿರಲಿಲ್ಲ. ಮಾಂಟ್ರಿಯಲ್‌ನವರಿಗೆ ಡಿಕಿ ಮೂರ್. ಸೋವಿಯತ್ ದೇಶದ ವಲೇರಿ ಖರ್ಲಾಮೋವ್ ಎಷ್ಟು ಒಳ್ಳೆಯ ಆಟಗಾರ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಅವರನ್ನು ಪಟ್ಟಿಗೆ ಸೇರಿಸುವ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಈಗ ನನ್ನ ಪಟ್ಟಿ ಬೇರೆ ಇದೆ. ಮೊದಲು ರಷ್ಯಾದ ಅಲೆಕ್ಸ್ ಒವೆಚ್ಕಿನ್, ಎರಡನೆಯವರು ಹಲ್, ಮೂರನೆಯವರು ಲಿಂಡ್ಸೇ, ನಾಲ್ಕನೆಯವರು ಖರ್ಲಾಮೋವ್, ಐದನೆಯವರು ಮಹೋವ್ಲಿಚ್. ಒವೆಚ್ಕಿನ್ ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಆಗಲೂ ಇದ್ದವರೇ. ಅವರ ಗೋಲುಗಳಲ್ಲಿ ಒಂದೂ ಕಡಿಮೆಯಾಗಿಲ್ಲ. ಆದರೆ ಆಗ ನಮ್ಮ ಕಣ್ಣಿಗೆ ಬೀಳದ ಎಷ್ಟೋ ಸಂಗತಿ ಈಗ ಎದುರಿಗಿದೆ.

ಮೊದಲು ಆ ಜಾಗದ ವಿಚಾರ. ಕೊಡಗು, ಮೈಸೂರು ಕಡೆಯ ಮೈದಾನಗಳಲ್ಲಿ ಹಾಕಿ ನೋಡಿದವರಿಗೆ ಲೆಫ್ಟ್ ಔಟ್ ಪಡುವ ಕಷ್ಟ ಗೊತ್ತಿರುತ್ತದೆ. ನಮ್ಮ ಹಾಕಿಯಲ್ಲಿ ಸ್ಟಿಕ್ಕಿನ ಒಂದೇ ಬದಿ ಚಪ್ಪಟೆ. ಎಡಚರಿಗೆಂದು ಬೇರೆ ಸ್ಟಿಕ್ ಇಲ್ಲ. ಎಡ ಅಂಚಿನಲ್ಲಿ ಓಡುವವನು ಚೆಂಡನ್ನು ಮಧ್ಯಕ್ಕೆ ಹೊಡೆಯಬೇಕಾದರೆ ಮೈಯನ್ನೇ ತಿರುಗಿಸಬೇಕು. ಐಸ್ ಹಾಕಿಯಲ್ಲಿ ಎಡಕ್ಕೆ ಹಿಡಿಯುವವರ ಸ್ಟಿಕ್ ಬೇರೆ, ಬಲಕ್ಕೆ ಹಿಡಿಯುವವರದು ಬೇರೆ. ಹಲ್ ಕಾಲದ ಲೆಫ್ಟ್ ವಿಂಗರ್‌ಗಳು ಹೆಚ್ಚಾಗಿ ಎಡಕ್ಕೆ ಹಿಡಿಯುವವರೇ. ಪಕ್ (ಚೆಂಡಿನ ಬದಲಿಗೆ ಬಳಸುವ ರಬ್ಬರ್ ಬಿಲ್ಲೆ) ಗೋಡೆಯ ಕಡೆಗಿರುತ್ತದೆ, ಎದುರಾಳಿಗೂ ಅದಕ್ಕೂ ನಡುವೆ ಆಟಗಾರನ ಮೈ ಇರುತ್ತದೆ. 200 ಅಡಿ ಉದ್ದ, 85 ಅಡಿ ಅಗಲದ ಮಂಜಿನ ಹಾಸಿನಲ್ಲಿ ಎಡ ಅಂಚಿನ ಒಂದು ಪಟ್ಟಿ ನಿನ್ನದು. ಅಲ್ಲೇ ಮೇಲೆ ಹೋಗಬೇಕು, ಅಲ್ಲೇ ಕೆಳಗೆ ಬರಬೇಕು, ಎದುರು ತಂಡದ ರೈಟ್ ವಿಂಗರ್‌ನನ್ನು ಕಾಯಬೇಕು. ಕೋಚ್‌ಗಳು ಹೇಳಿಕೊಡುತ್ತಿದ್ದದ್ದು ಇಷ್ಟೇ.

ಹಲ್ ಈ ಎಡ ಅಂಚಿನ ಪಟ್ಟಿಯೊಳಗೆ ನಿಲ್ಲುವ ಆಸಾಮಿಯಲ್ಲ. ವಿನ್ನಿಪೆಗ್ ಅರೀನಾದಲ್ಲಿ ನಾನು ಅವರನ್ನು ನೋಡಿದಾಗ ಅವರಿಗೆ 35 ದಾಟಿತ್ತು. ತಮ್ಮದೇ ಗೋಲಿನ ಹಿಂದಿನಿಂದ ಪಕ್ ತೆಗೆದುಕೊಂಡು ಹೊರಟರೆ ಜನ ಆಗಲೇ ಎದ್ದು ನಿಲ್ಲುತ್ತಿದ್ದರು. ಅವರ ಸ್ಟಿಕ್ಕಿನ ಅಲಗು ಬಾಳೆಹಣ್ಣಿನಂತೆ ಬಾಗಿರುತ್ತಿತ್ತು. ಶಿಕಾಗೋದಲ್ಲಿದ್ದಾಗ ಸಹ ಆಟಗಾರ ಸ್ಟ್ಯಾನ್ ಮಿಕೀಟಾ ಮತ್ತು ಅವರು ಮರದ ಅಲಗನ್ನು ಬಿಸಿನೀರಿನಲ್ಲಿ ನೆನೆಸಿ, ಬಾಗಿಲ ಸಂದಿಗೆ ಸಿಕ್ಕಿಸಿ ಬಗ್ಗಿಸುತ್ತಿದ್ದರು. ಅಂಥ ಅಲಗಿನಿಂದ ಹೊರಟ ಪಕ್ ಗಾಳಿಯಲ್ಲಿ ದಿಕ್ಕು ಬದಲಿಸುತ್ತದೆ. ಎದುರಿಗೆ ನಿಂತ ಗೋಲ್‌ಕೀಪರ್‌ಗಳಲ್ಲಿ ಹಲವರ ಮುಖಕ್ಕೆ ಆಗ ಮುಖವಾಡವೂ ಇರಲಿಲ್ಲ. ಕೊನೆಗೆ ನ್ಯಾಷನಲ್ ಹಾಕಿ ಲೀಗ್ ನಿಯಮ ತಂದು, 1970ರ ಹೊತ್ತಿಗೆ ಬಾಗನ್ನು ಅರ್ಧ ಇಂಚಿಗೆ ಇಳಿಸಿತು. ಗುರಿ ತಪ್ಪಿ ಆ ಪಕ್ ಗೋಡೆಗೆ ಬಡಿದಾಗ ಹಲಗೆ ಅದುರುವುದು ಎರಡನೆಯ ಸಾಲಿನಲ್ಲಿ ಕುಳಿತ ನಮ್ಮ ಮೊಣಕಾಲಿಗೆ ತಿಳಿಯುತ್ತಿತ್ತು. ಟೀವಿಯಲ್ಲಿ ಅದು ಸಿಗುವುದಿಲ್ಲ.

ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಒಂದು ಸೀಸನ್‌ನಲ್ಲಿ 50ಕ್ಕಿಂತ ಹೆಚ್ಚು ಗೋಲು ಹೊಡೆದ ಮೊದಲಿಗರು ಹಲ್. 1966ರ ಮಾರ್ಚ್ 12ರಂದು ಶಿಕಾಗೋದಲ್ಲಿ 51ನೆಯದು ಬಿದ್ದಾಗ ಜನ ನಿಮಿಷಗಟ್ಟಲೆ ಕೂಗುತ್ತಲೇ ಇದ್ದರಂತೆ. ಆ ಸೀಸನ್ ಮುಗಿದಾಗ 65 ಪಂದ್ಯಗಳಲ್ಲಿ 54. ಆಗ ಲೀಗ್‌ನಲ್ಲಿ ಇದ್ದದ್ದೇ ಆರು ತಂಡ. ದುರ್ಬಲ ಗೋಲ್‌ಕೀಪರ್ ಸಿಕ್ಕಿದ ದಿನ ಲೆಕ್ಕ ಏರಿಸಿಕೊಳ್ಳೋಣ ಎನ್ನುವಂತಿರಲಿಲ್ಲ.

ಅಂಥವರು ನಮ್ಮ ಊರಿಗೆ ಬಂದದ್ದು ಹಣದಿಂದ. 1972ರ ಜೂನ್‌ನಲ್ಲಿ ಪೋರ್ಟೇಜ್ ಮತ್ತು ಮೇನ್ ರಸ್ತೆಗಳು ಕೂಡುವ ಜಾಗದಲ್ಲಿ, ಸಾವಿರಾರು ಜನರ ಮುಂದೆ, ಹತ್ತು ಲಕ್ಷ ಡಾಲರ್ ಮುಂಗಡದ ಚೆಕ್ ಅವರ ಕೈಗೆ ಬಂತು. ವರ್ಲ್ಡ್ ಹಾಕಿ ಅಸೋಸಿಯೇಷನ್ ಎಂಬ ಹೊಸ ಲೀಗ್‌ನ ತಂಡಗಳೆಲ್ಲ ಕೂಡಿ ಹಾಕಿದ ಹಣ ಅದು. ಹಲ್ ಹಾರಿದ ಮೇಲೆ ಹಳೆಯ ಲೀಗ್‌ನ ಮಾಲೀಕರು ಎಲ್ಲರ ಸಂಬಳ ಏರಿಸಬೇಕಾಯಿತು. ಅವರು ಸೇಡು ತೀರಿಸಿಕೊಂಡದ್ದೂ ಅದೇ ವರ್ಷ. ಸೋವಿಯತ್ ತಂಡದ ವಿರುದ್ಧದ ಎಂಟು ಪಂದ್ಯಗಳ ಸರಣಿಗೆ ಹಲ್ ಅವರನ್ನು ಸೇರಿಸಲಿಲ್ಲ.

ವಿನ್ನಿಪೆಗ್‌ನಲ್ಲಿ ಅವರಿಗೆ ಜೊತೆಯಾದವರು ಸ್ವೀಡನ್‌ನ ಆಂಡರ್ಸ್ ಹೆಡ್‌ಬರ್ಗ್ ಮತ್ತು ಉಲ್ಫ್ ನಿಲ್ಸನ್. 1974-75ರಲ್ಲಿ ಹಲ್ ಹೊಡೆದದ್ದು 77 ಗೋಲು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಈ ಮೂವರು ಜಾಗ ಬದಲಾಯಿಸುತ್ತಿದ್ದ ರೀತಿ. ನಿಲ್ಸನ್ ಎಡಕ್ಕೆ ಬಂದರೆ ಹಲ್ ಮಧ್ಯಕ್ಕೆ, ಹೆಡ್‌ಬರ್ಗ್ ಬಲದಿಂದ ಅಡ್ಡ ಕೊರೆದುಕೊಂಡು ಬರುವುದು. ಎದುರು ತಂಡದ ರೈಟ್ ವಿಂಗರ್ ಯಾರನ್ನು ಕಾಯುವುದು ಎಂದು ತಿಳಿಯದೆ ನಿಂತುಬಿಡುತ್ತಿದ್ದ. ಸಾಲಿನಲ್ಲಿ ಹೋಗಿ ಸಾಲಿನಲ್ಲೇ ಬರುವ ಆಟ ಮುಗಿಯುತ್ತಿದೆ ಎಂದು ನನಗೆ ಆಗಲೇ ಅನ್ನಿಸಿತ್ತು.

ಹಲ್ ಬಗ್ಗೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಅವರ ಹೊಡೆತಗಳನ್ನು ತಿಂದು ಬದುಕಿದ್ದನ್ನು ಹೆಂಡತಿ ಜೋಆನ್ ಮುಂದೊಂದು ದಿನ ಕ್ಯಾಮರಾದ ಎದುರೇ ಹೇಳಿದರು. ಮತ್ತೊಂದು ಮದುವೆಯ ಜಗಳದ ವೇಳೆ ಬಿಡಿಸಲು ಬಂದ ಪೊಲೀಸ್ ಅಧಿಕಾರಿಯ ಮೇಲೆ ಕೈಮಾಡಿದ್ದಕ್ಕೆ ಹಲ್ ತಪ್ಪೊಪ್ಪಿಕೊಂಡರು. ಪಂದ್ಯ ಮುಗಿದ ಮೇಲೆ ಗಂಟೆಗಟ್ಟಲೆ ನಿಂತು ಮಕ್ಕಳಿಗೆಲ್ಲ ಆಟೋಗ್ರಾಫ್ ಹಾಕುತ್ತಿದ್ದವರು ಇದೇ ವ್ಯಕ್ತಿ. 2022ರಲ್ಲಿ ಶಿಕಾಗೋ ತಂಡ ಅವರಿಗೆ ಕೊಟ್ಟಿದ್ದ ರಾಯಭಾರಿ ಪಟ್ಟ ಕೊನೆಗೊಂಡಿತು. ಮರು ವರ್ಷದ ಜನವರಿಯಲ್ಲಿ ತೀರಿಕೊಂಡರು. ನನ್ನ ಮಗ ಹೇಳುವುದು ಒಂದೇ: "ಅಪ್ಪಾ, ನೀವು ಅವರನ್ನು ಪಟ್ಟಿಯಿಂದಲೇ ತೆಗೀಬೇಕು." ನಾನು ತೆಗೆದಿಲ್ಲ. ಮಂಜಿನ ಮೇಲೆ ಮಾಡಿದ್ದನ್ನು ಅಳೆಯುವಾಗ ಹಲ್ ಎರಡನೆಯವರೇ. ಆದರೆ ಅವರನ್ನು ಮೆಚ್ಚಿ ನಾಲ್ಕು ಮಾತು ಬರೆದ ಕಡೆ ಐದನೆಯ ಮಾತಾಗಿ ಜೋಆನ್ ಅವರ ಹೆಸರು ಬರಬೇಕು ಎನ್ನುವುದು ನನ್ನ ನಿಲುವು.

ಒವೆಚ್ಕಿನ್ ಮೊದಲ ಸ್ಥಾನಕ್ಕೆ ಬಂದದ್ದು ಬರೀ ಗೋಲಿನ ಲೆಕ್ಕದಿಂದ ಎಂದುಕೊಂಡರೆ ಅರ್ಧವೇ ಸರಿ. 2025ರ ಏಪ್ರಿಲ್ 6ರಂದು ನ್ಯೂಯಾರ್ಕ್ ಐಲ್ಯಾಂಡರ್ಸ್ ವಿರುದ್ಧ 895ನೆಯ ಗೋಲು ಹೊಡೆದು ಲೀಗ್‌ನಲ್ಲಿ ಒಟ್ಟು ಗೋಲುಗಳ ವೇಯ್ನ್ ಗ್ರೆಟ್ಜ್‌ಕಿ ದಾಖಲೆ ಮುರಿದರು. ಅದು ಅವರ 1,487ನೆಯ ಪಂದ್ಯ. ಗ್ರೆಟ್ಜ್‌ಕಿ ಒಟ್ಟು ಆಡಿದ್ದೂ ಅಷ್ಟೇ ಪಂದ್ಯ. ಗೋಲು ಬಂದ ಜಾಗ ಎಂದಿನದೇ, ಎಡಗಡೆಯ ಫೇಸ್‌ಆಫ್ ವೃತ್ತ, ಅಂದರೆ ನಿಂತ ಆಟವನ್ನು ಮತ್ತೆ ಶುರುಮಾಡುವ ವೃತ್ತ. ಇಪ್ಪತ್ತು ವರ್ಷ ಎದುರಾಳಿಗಳಿಗೆಲ್ಲ ಗೊತ್ತಿತ್ತು, ಒವೆಚ್ಕಿನ್ ಅಲ್ಲೇ ನಿಲ್ಲುತ್ತಾರೆ, ಅಲ್ಲಿಂದಲೇ ಹೊಡೆಯುತ್ತಾರೆ ಎಂದು. ಗೊತ್ತಿದ್ದೂ ತಡೆಯಲಾಗಲಿಲ್ಲ. ಅವರು ಬಲಕ್ಕೆ ಹಿಡಿಯುವವರು. ಎಡಗಡೆ ನಿಂತರೆ ಸ್ಟಿಕ್ ಗೋಲಿನ ಎದುರಿಗೇ ತೆರೆದಿರುತ್ತದೆ. ಬಲದಿಂದ ಬಂದ ಪಾಸನ್ನು ನಿಲ್ಲಿಸದೆ ಹಾಗೆಯೇ ಬಾರಿಸಬಹುದು. ಹಲ್ ಕಾಲದಲ್ಲಿ ತಪ್ಪು ಬದಿ ಎನ್ನಿಸಿಕೊಳ್ಳುತ್ತಿದ್ದದ್ದನ್ನೇ ಒವೆಚ್ಕಿನ್ ತಮ್ಮ ಬಲ ಮಾಡಿಕೊಂಡರು. ಇಂದಿನ ಗೋಲ್‌ಕೀಪರ್‌ನ ಪ್ಯಾಡು, ತರಬೇತಿ, ವೀಡಿಯೋ ಅಭ್ಯಾಸ ಎಲ್ಲವನ್ನೂ ದಾಟಿ 2007-08ರಲ್ಲಿ 65 ಗೋಲು. ಲೆಫ್ಟ್ ವಿಂಗರ್ ಒಬ್ಬರು ಒಂದು ಸೀಸನ್‌ನಲ್ಲಿ ಅಷ್ಟು ಹೊಡೆದದ್ದು ಅದಕ್ಕೂ ಮುಂಚೆ ಇಲ್ಲ. 1992-93ರ ಲ್ಯೂಕ್ ರೋಬಿಟಾಯ್ ಅವರ 63 ಅದರ ಹಿಂದಿದೆ. ಪುಟಿನ್ ಪರವಾಗಿ 2017ರಲ್ಲಿ ಒವೆಚ್ಕಿನ್ ಕಟ್ಟಿದ ಬೆಂಬಲಿಗರ ಬಳಗ ನನಗೆ ಒಪ್ಪಿಗೆಯಾದ ಕೆಲಸವಲ್ಲ. ವಿನ್ನಿಪೆಗ್‌ನ ಯುಕ್ರೇನ್ ಮೂಲದ ಮನೆಗಳಲ್ಲಿ ಅವರ ಹೆಸರು ಎತ್ತುವಾಗ ಈಗ ಯೋಚಿಸಬೇಕಾಗುತ್ತದೆ.

2012-13ರಲ್ಲಿ ಅವರನ್ನು ರೈಟ್ ವಿಂಗ್‌ಗೆ ಹಾಕಿದರು. ಮತ ಹಾಕುವ ಪತ್ರಕರ್ತರಲ್ಲಿ ಕೆಲವರು ಅದನ್ನು ಗಮನಿಸದೆ ಲೆಫ್ಟ್ ವಿಂಗ್ ಎಂದೇ ಬರೆದರು. ಪರಿಣಾಮವಾಗಿ ಒಬ್ಬರೇ ಮನುಷ್ಯ ಮೊದಲ ಆಲ್ ಸ್ಟಾರ್ ತಂಡಕ್ಕೆ ರೈಟ್ ವಿಂಗರ್ ಆಗಿ, ಎರಡನೆಯ ತಂಡಕ್ಕೆ ಲೆಫ್ಟ್ ವಿಂಗರ್ ಆಗಿ ಆಯ್ಕೆಯಾದರು. ಬದಿಯ ಗೆರೆ ಎಷ್ಟು ಅಳಿಸಿಹೋಗಿದೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಖರ್ಲಾಮೋವ್ ವಿಚಾರದಲ್ಲಿ ಅಂದು ಕೆನಡಾದವರು ಮಾಡಿದ್ದು ಅನ್ಯಾಯ. ನಮ್ಮ ಲೀಗ್‌ನಲ್ಲಿ ಆಡಿಲ್ಲ, ಆದ್ದರಿಂದ ಲೆಕ್ಕಕ್ಕಿಲ್ಲ ಎನ್ನುತ್ತಿದ್ದರು. ಅವರು ಸೇನೆಯ ಕ್ಲಬ್ ಸಿಎಸ್‌ಕೆಎಯ ಆಟಗಾರ. ಹೊರಗೆ ಹೋಗಿ ಆಡುವ ದಾರಿಯೇ ಇರಲಿಲ್ಲ. ಹಲ್ ಅವರನ್ನು ಕೈಬಿಟ್ಟ ಆ ಸರಣಿಯಲ್ಲಿ, 1972ರ ಸೆಪ್ಟೆಂಬರ್ 2ರಂದು ಮಾಂಟ್ರಿಯಲ್‌ನಲ್ಲಿ ಕೆನಡಾ ಎರಡು ಗೋಲು ಮುಂದಿದ್ದ ಪಂದ್ಯವನ್ನು ಸೋವಿಯತ್ ತಂಡ 7-3ರಿಂದ ಗೆದ್ದಿತು, ಅದರಲ್ಲಿ ಎರಡು ಖರ್ಲಾಮೋವ್ ಅವರವು. ಹೆಚ್ಚು ಎತ್ತರವಿಲ್ಲದ ಆಳು, ರಕ್ಷಣೆಯ ಇಬ್ಬರ ಮಧ್ಯೆ ನುಗ್ಗಿ, ವೇಗವನ್ನು ಒಂದಿಷ್ಟೂ ಇಳಿಸದೆ ಪಕ್ ದಿಕ್ಕು ಬದಲಿಸುತ್ತಿದ್ದರು. ಅವರನ್ನು ತಡೆಯಲು ಆಗದೆ ಮಾಸ್ಕೋದ ಆರನೆಯ ಪಂದ್ಯದಲ್ಲಿ ಬಾಬಿ ಕ್ಲಾರ್ಕ್ ಸ್ಟಿಕ್ಕಿನಿಂದ ಕಾಲಿನ ಹರಡಿಗೆ ಹೊಡೆದರು. ಹೇಳಿ ಹೊಡೆಸಿದ್ದು ತಾನೇ ಎಂದು ಸಹ ಕೋಚ್ ಜಾನ್ ಫರ್ಗ್ಯೂಸನ್ ವರ್ಷಗಳಾದ ಮೇಲೆ ಒಪ್ಪಿಕೊಂಡರು. ಅದೇ ಫರ್ಗ್ಯೂಸನ್ ಮುಂದೆ ನಮ್ಮ ವಿನ್ನಿಪೆಗ್ ಜೆಟ್ಸ್‌ಗೆ ಜನರಲ್ ಮ್ಯಾನೇಜರ್ ಆಗಿ ಬಂದರು. ಆ ಸರಣಿಯನ್ನು ಗೆದ್ದುಕೊಟ್ಟ ಪಾಲ್ ಹೆಂಡರ್ಸನ್ ಕೂಡ ಲೆಫ್ಟ್ ವಿಂಗರೇ. ಕೊನೆಯ ಪಂದ್ಯದಲ್ಲಿ 34 ಸೆಕೆಂಡ್ ಉಳಿದಿರುವಾಗ ಅವರು ಹೊಡೆದ ಗೋಲನ್ನು ಕೆನಡಾದಲ್ಲಿ ಮರೆತವರಿಲ್ಲ. ಆದರೂ ಒಂದು ತಿಂಗಳ ಆಟದಿಂದ ಯಾರನ್ನೂ ಮೊದಲ ಹತ್ತರಲ್ಲಿ ಕೂರಿಸಲಾಗದು.

1981ರ ಆಗಸ್ಟ್ 27ರಂದು ಮಾಸ್ಕೋ ಹತ್ತಿರದ ರಸ್ತೆ ಅಪಘಾತದಲ್ಲಿ ಖರ್ಲಾಮೋವ್ ಮತ್ತು ಅವರ ಹೆಂಡತಿ ಸತ್ತಾಗ ಸೋವಿಯತ್ ತಂಡ ಕೆನಡಾ ಕಪ್ ಪಂದ್ಯಾವಳಿಗೆಂದು ವಿನ್ನಿಪೆಗ್‌ನಲ್ಲೇ ಇತ್ತು. ಅವರನ್ನು ಆ ತಂಡಕ್ಕೆ ಆರಿಸಿರಲಿಲ್ಲ. ಅವರಿಗಾಗ 33 ವರ್ಷ. ಜೊತೆಗಾರರು ಇಲ್ಲೇ ಉಳಿದು ಆಡಿ, ಫೈನಲ್‌ನಲ್ಲಿ ಕೆನಡಾವನ್ನು 8-1ರಿಂದ ಸೋಲಿಸಿದರು. ಟೊರಾಂಟೋದ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಳ್ಳಲು 2005ರವರೆಗೆ ಕಾಯಬೇಕಾಯಿತು.

ಮಹೋವ್ಲಿಚ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ: ದೊಡ್ಡ ಆಳು, ಉದ್ದ ದಾಪು, ಲೀಗ್ ಗೆದ್ದವರಿಗೆ ಸಿಗುವ ಸ್ಟಾನ್ಲಿ ಕಪ್ ಆರು ಬಾರಿ. ಟೊರಾಂಟೋದ ಕೋಚ್ ಪಂಚ್ ಇಮ್ಲಾಕ್ ಕಾಟ ಕೊಡದಿದ್ದರೆ ಇನ್ನೂ ಮೇಲೆ ಇರುತ್ತಿದ್ದರು. ಡಿಕಿ ಮೂರ್ 1957-58ರಲ್ಲಿ ಮುರಿದ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಕೊಂಡೇ ಆಡಿ ಲೀಗ್‌ನ ಆಟಗಾರರ ಅಂಕ (ಗೋಲು ಮತ್ತು ಗೋಲಿಗೆ ನೆರವು) ಪಟ್ಟಿಯಲ್ಲಿ ಮೊದಲಿಗರಾದರು. ರೋಬಿಟಾಯ್ ಅವರನ್ನು ಸ್ಕೇಟಿಂಗ್ ನಿಧಾನ ಎಂದು, ತಂಡಗಳು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ 171ನೆಯವರಾಗಿ ಆರಿಸಿದ್ದರು. 668 ಗೋಲು ಹೊಡೆದರು. ಈ ಇಬ್ಬರೂ ನನ್ನ ಆರು, ಏಳು.

ಉಳಿದವರು ಲಿಂಡ್ಸೇ. ಯುಕ್ರೇನ್ ಮೂಲದ ಆ ಹಿರಿಯರು ಎರಡನೆಯ ಸ್ಥಾನಕ್ಕೆ ಅವರ ಹೆಸರು ಹೇಳುತ್ತಿದ್ದದ್ದು ಆಟಕ್ಕಾಗಿ. ಡೆಟ್ರಾಯಿಟ್‌ನಲ್ಲಿ ಸಿಡ್ ಏಬಲ್ ಮಧ್ಯೆ, ಗೋರ್ಡಿ ಹೋವ್ ಬಲಕ್ಕೆ, ಲಿಂಡ್ಸೇ ಎಡಕ್ಕೆ. 1949-50ರಲ್ಲಿ ಇಡೀ ಲೀಗ್‌ನ ಅಂಕಗಳಲ್ಲಿ ಮೊದಲ ಮೂರು ಸ್ಥಾನ ಇವರದೇ, ಮೊದಲನೆಯದು ಲಿಂಡ್ಸೇ ಅವರದು. ಮುಖದ ತುಂಬ ಹೊಲಿಗೆ, ಮೊಣಕೈ ಯಾವಾಗಲೂ ಎದುರಾಳಿಯ ಪಕ್ಕೆಯಲ್ಲಿ. ನಾಲ್ಕು ಕಪ್ ಗೆದ್ದರು.

ನಾನು ಅವರನ್ನು ಖರ್ಲಾಮೋವ್‌ಗಿಂತ ಒಂದು ಮೆಟ್ಟಿಲು ಮೇಲಿಟ್ಟದ್ದು 1957ಕ್ಕಾಗಿ. ಪಿಂಚಣಿ ನಿಧಿಯ ಲೆಕ್ಕ ತೋರಿಸಿ ಎಂದು ಆಟಗಾರರು ಕೇಳಿದರೆ ಮಾಲೀಕರು ತೋರಿಸುತ್ತಿರಲಿಲ್ಲ. ಲಿಂಡ್ಸೇ ಆ ವರ್ಷ ಆಟಗಾರರ ಸಂಘ ಕಟ್ಟಿದರು. ಅದೇ ಸೀಸನ್‌ನಲ್ಲಿ ಅವರು ಗಳಿಸಿದ್ದು 85 ಅಂಕ, ಅವರ ಇಡೀ ಆಟದ ಬದುಕಿನ ಅತಿ ಹೆಚ್ಚು. ಬೇಸಿಗೆಯಲ್ಲಿ ಡೆಟ್ರಾಯಿಟ್ ತಂಡದ ಜನರಲ್ ಮ್ಯಾನೇಜರ್ ಜ್ಯಾಕ್ ಆಡಮ್ಸ್ ಅವರನ್ನು ಆಗ ಕೊನೆಯ ಸ್ಥಾನದಲ್ಲಿದ್ದ ಶಿಕಾಗೋಗೆ ಕಳಿಸಿಬಿಟ್ಟರು. ಸಂಘ ಕುಸಿಯಿತು. ಆದರೂ ಮರು ವರ್ಷದ ಒಪ್ಪಂದದಲ್ಲಿ ಆಟಗಾರರು ಕನಿಷ್ಠ ಸಂಬಳ ವರ್ಷಕ್ಕೆ 7,000 ಡಾಲರ್ ಎಂದು ಬರೆಸಿಕೊಂಡರು. ಹತ್ತು ವರ್ಷದ ನಂತರ ಸಂಘ ಮತ್ತೆ ಎದ್ದಿತು. ಆಟಗಾರರೇ ಮತ ಹಾಕಿ ಕೊಡುವ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿಗೆ 2010ರಲ್ಲಿ ಲಿಂಡ್ಸೇ ಹೆಸರಿಟ್ಟರು. ಆ ಹೆಸರಿನಲ್ಲಿ ಅದನ್ನು ಮೊದಲು ಪಡೆದವರು ಒವೆಚ್ಕಿನ್.

2025ರ ಸೆಪ್ಟೆಂಬರ್‌ನಲ್ಲಿ ನಮ್ಮ ಪಕ್ಕದ ಮಿನ್ನೆಸೋಟಾ ತಂಡ ಕಿರಿಲ್ ಕಪ್ರಿಜೋವ್ ಜೊತೆ ಎಂಟು ವರ್ಷಕ್ಕೆ 13 ಕೋಟಿ 60 ಲಕ್ಷ ಡಾಲರ್ ಒಪ್ಪಂದ ಮಾಡಿಕೊಂಡಿತು. ಈ ಲೀಗ್‌ನಲ್ಲಿ ಅದಕ್ಕಿಂತ ದೊಡ್ಡ ಒಪ್ಪಂದ ಅಲ್ಲಿಯವರೆಗೆ ಯಾರಿಗೂ ಆಗಿರಲಿಲ್ಲ. ಅವರೂ ಲೆಫ್ಟ್ ವಿಂಗರ್. ಖರ್ಲಾಮೋವ್ ಆಡಿದ ಅದೇ ಸಿಎಸ್‌ಕೆಎಯಿಂದ ಬಂದವರು. ಅವರಿಗೆ ನನ್ನ ಪಟ್ಟಿಯಲ್ಲಿ ಇನ್ನೂ ಜಾಗ ಕೊಟ್ಟಿಲ್ಲ. ಇನ್ನು ಐದಾರು ಸೀಸನ್ ಆಡಲಿ, ಆಮೇಲೆ ಮೂರ್ ಮತ್ತು ರೋಬಿಟಾಯ್ ಪಕ್ಕದಲ್ಲಿ ನಿಲ್ಲಿಸಿ ನೋಡುತ್ತೇನೆ.