ಮಗಳು ಬಿಟ್ಟು ಬಂದ ಊರು

ನಡುವಯಸ್ಸಿನಲ್ಲಿ ಊರಿಗೆ ಮರಳುವ ನಮ್ಮಂಥವರ ನೆಮ್ಮದಿಗೆ ಬೆಲೆ ತೆರುವವರು ಮಕ್ಕಳು. ಅಪ್ಪನಿಗೆ ಲಕ್ವ ಹೊಡೆದ ಮೇಲೆ ಅಮ್ಮ ಒಬ್ಬಳಿಂದ ಮನೆ ತೂಗಿಸಲಾಗಲಿಲ್ಲ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಬಿಟ್ಟು ಮೈಸೂರಿಗೆ ಬಂದೆವು. ಸಂಜೆ ಅಪ್ಪನ ಕೈ ಹಿಡಿದು ಅಂಗಳದಲ್ಲಿ ನಡೆಸುವಾಗ ಬಂದದ್ದು ಸಾರ್ಥಕ ಎನಿಸುತ್ತದೆ. ಆದರೆ ಅವರು ನನ್ನ ಅಪ್ಪ, ಅದು ನಾನು ಆಡಿ ಬೆಳೆದ ಅಂಗಳ. ಹದಿನಾಲ್ಕರ ಮಗಳು ಆಡಿ ಬೆಳೆದದ್ದೆಲ್ಲ ಅಲ್ಲೇ ಉಳಿಯಿತು.

ಯಾವಾಗ ಬರಬೇಕೆಂಬುದನ್ನು ನಿರ್ಧರಿಸಿದ್ದು ಶಾಲೆ. ಸಿಬಿಎಸ್‌ಇಯಲ್ಲಿ ನೇರ ಹತ್ತನೇ ತರಗತಿಗೆ ಸೇರುವುದು ಕಷ್ಟ, ಒಂಬತ್ತಕ್ಕೇ ಸೇರಬೇಕು. ಅಲ್ಲಿ ಜೂನ್‌ನಲ್ಲಿ ಶಾಲೆ ಮುಗಿಯುವಷ್ಟರಲ್ಲಿ ಇಲ್ಲಿ ಪಾಠ ಶುರುವಾಗಿತ್ತು. ಗೆಳತಿಯರ ಜೊತೆ ಕೊನೆಯ ಬೇಸಿಗೆ ರಜೆಯೂ ಅವಳಿಗೆ ದಕ್ಕಲಿಲ್ಲ.

ಬಂದ ಹೊಸದರಲ್ಲಿ ಬೆಳಿಗ್ಗೆ ಏಳಕ್ಕೆ ಯೂನಿಫಾರಂ ತೊಟ್ಟು, ಅಜ್ಜಿಗೆ ತಲೆ ಒಪ್ಪಿಸಿ, ಎರಡು ಜಡೆ ಮುಗಿಯುವವರೆಗೂ ಗೆಳತಿಯ ಜೊತೆ ವಿಡಿಯೊ ಕಾಲ್‌ನಲ್ಲಿ ಹರಟುತ್ತಿದ್ದಳು. ಅಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ನವೆಂಬರಿನ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ. ನಮ್ಮ ಏಳು ಅಲ್ಲಿ ಐದೂವರೆಯಾಯಿತು. ಗೆಳತಿ ಬ್ಯಾಸ್ಕೆಟ್‌ಬಾಲ್ ಅಭ್ಯಾಸದಲ್ಲಿರುತ್ತಾಳೆ. ಅವಳು ಮನೆಗೆ ಬರುವಷ್ಟರಲ್ಲಿ ಇಲ್ಲಿ ಶಾಲೆ ಬಸ್ಸು ಹೊರಟಿರುತ್ತದೆ. “ಇರ್ಲಿ ಬಿಡೇ ಪುಟ್ಟಿ, ಭಾನುವಾರ ಮಾತಾಡ್ಕೊಂಡ್ರಾಯ್ತು” ಅಂದಳು ಅಮ್ಮ. “ದಿನಾ ಮಾತಾಡೋದೇ ಬೇರೆ ಅಜ್ಜಿ” ಎಂದು ಮಗಳು ಫೋನ್ ಪಕ್ಕಕ್ಕಿಟ್ಟಳು. ಅಮ್ಮ ಆ ದಿನ ಜಡೆ ಹೆಣೆಯಲು ತುಂಬ ಹೊತ್ತು ತೆಗೆದುಕೊಂಡಳು.

ಇಂಥ ಹೊತ್ತಿನಲ್ಲಿ ಮಕ್ಕಳ ಮುಂದೆ ನಮ್ಮ ಸಂಸ್ಕೃತಿಯ ಹಿರಿಮೆ ಬಣ್ಣಿಸುವುದು ನನಗೆ ಸರಿಕಾಣದು. ದಸರೆಯನ್ನು ಅವಳು ಕಣ್ತುಂಬ ನೋಡಿ ಸಂತೋಷಪಟ್ಟಳು. ಅದರಿಂದ ಗೆಳತಿಯನ್ನು ಕಳೆದುಕೊಂಡ ಸಂಕಟ ಕಡಿಮೆಯಾಗಬೇಕೆಂದೇನಿಲ್ಲ. ಅವಳು ಅತ್ತರೆ ಅಳಲಿ ಎಂದು ಪಕ್ಕದಲ್ಲಿ ಕೂರುತ್ತೇನೆ.

ಕಾಗದಪತ್ರಗಳ ಲೆಕ್ಕದಲ್ಲೂ ಅವಳು ಪೂರ್ತಿ ಇಲ್ಲಿಯವಳಲ್ಲ. ಅವಳು ಅಮೆರಿಕದ ಪ್ರಜೆ; ಭಾರತ ಎರಡು ಪೌರತ್ವ ಒಪ್ಪುವುದಿಲ್ಲವಾದ್ದರಿಂದ ಅವಳಿಗಿರುವುದು ವಿದೇಶಿ ಪೌರತ್ವದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡು. 2021ರ ಮಾರ್ಚ್ 4ರ ಅಧಿಸೂಚನೆ ಇಂಥ ಮಕ್ಕಳಿಗೆ ಮೆಡಿಕಲ್‌ನಲ್ಲಿ ಎನ್‌ಆರ್‌ಐ ಸೀಟುಗಳನ್ನಷ್ಟೇ ಉಳಿಸಿತು. ಅದಕ್ಕೆ ಮುಂಚೆ ಕಾರ್ಡು ಪಡೆದವರಿಗೆ ಈ ನಿರ್ಬಂಧ ತಟ್ಟದು ಎಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮಗಳ ಕಾರ್ಡು ಹಳೆಯದು, ಬಚಾವಾದೆವು. ಆಮೇಲೆ ಕಾರ್ಡು ಪಡೆದ ಮಕ್ಕಳು ಇಲ್ಲೇ ಓದಿ ಬೆಳೆದರೂ ಹೊರಗಿನವರಂತೆ ಶುಲ್ಕ ಕಟ್ಟಬೇಕು. ಇದು ಅನ್ಯಾಯ.

ಮಗಳ ಮನಸ್ಸಿನ್ನೂ ಗಟ್ಟಿಯಾಗಿಲ್ಲ. ಒಂದು ದಿನ ಇಲ್ಲೇ ಮೆಡಿಕಲ್ ಅನ್ನುತ್ತಾಳೆ, ಇನ್ನೊಂದು ದಿನ ಕ್ಯಾಲಿಫೋರ್ನಿಯಾದ ಕಾಲೇಜು. ಅಲ್ಲಿ ಆ ರಾಜ್ಯದ ನಿವಾಸಿಗಳಿಗಿರುವ ಕಡಿಮೆ ಶುಲ್ಕ ಅವಳಿಗಿನ್ನು ಸಿಗುವ ಭರವಸೆಯಿಲ್ಲ. ಹೋಗಬೇಕೆನಿಸಿದರೆ ಹೋಗಲಿ ಎಂದು ಫ್ರೀಮಾಂಟಿನ ಮನೆ ಮಾರಿದ ಹಣವನ್ನು ಮುಟ್ಟದೆ ಅವಳ ಹೆಸರಿಗೆ ಎತ್ತಿಟ್ಟಿದ್ದೇವೆ.