ಒಂದೇ ಅಚ್ಚಿನ ಲೋಕ

ನಕ್ಷತ್ರಗಳ ಆಚೆ ಯಾವುದೋ ಗ್ರಹದಲ್ಲಿ ಜೀವಿಗಳಿರಬಹುದೆಂಬ ಊಹೆ ಮನುಷ್ಯನಿಗೆ ಹೊಸದಲ್ಲ. ಆ ಜೀವಿಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇದ್ದರೆ ಅವರ ಬಾಳು ಹೇಗಿದ್ದೀತು? 1997ರಿಂದ 2007ರವರೆಗೆ ಪ್ರಸಾರವಾದ ‘ಸ್ಟಾರ್‌ಗೇಟ್ ಎಸ್‌ಜಿ-1’ ಎಂಬ ಟೆಲಿವಿಷನ್ ಧಾರಾವಾಹಿಯಲ್ಲಿ ಅಸ್ಗಾರ್ಡ್ ಎಂಬ ಅನ್ಯಲೋಕದ ಜನಾಂಗವೊಂದು ಬರುತ್ತದೆ. ಅವರಲ್ಲಿ ಮಕ್ಕಳು ಹುಟ್ಟುವುದಿಲ್ಲ. ದೇಹ ಸವೆದಾಗ ಅದರ ತದ್ರೂಪನ್ನು ಬೆಳೆಸಿ, ಹಳೆಯ ಮನಸ್ಸನ್ನು ಹೊಸ ದೇಹಕ್ಕೆ ಇಳಿಸಿಕೊಳ್ಳುತ್ತಾರೆ. ಆದರೆ ನಕಲಿನಿಂದ ನಕಲು ತೆಗೆದಂತೆಲ್ಲ ದೇಹ ದುರ್ಬಲವಾಗುತ್ತದೆ. ಕೊನೆಗೆ ಕುಲವೇ ಅಳಿದುಹೋಗುತ್ತದೆ. ಇಂಥ ಕತೆಗಳನ್ನು ಮೆಚ್ಚಿದವರಿಗೆ ಕತೆ ಮುಗಿದರೂ ಪ್ರಶ್ನೆಗಳು ಮುಗಿಯುವುದಿಲ್ಲ. ತೊಟ್ಟಿಲೇ ಇಲ್ಲದ ಮನೆಯಲ್ಲಿ ಜೋಗುಳ ಇದ್ದೀತೆ? ಒಬ್ಬನಿಗೆ ಬಂದ ರೋಗ ಎಲ್ಲರಿಗೂ ಬಾರದೆ ಇದ್ದೀತೆ? ಎಲ್ಲರೂ ಒಂದೇ ಆದ ಮೇಲೆ ಯಾರು ಯಾರಿಂದ ಕಲಿಯಬೇಕು?

ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಲು ಆಕಾಶಕ್ಕೆ ಏರಬೇಕಾಗಿಲ್ಲ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳ ಹೊಲ ತೋಟಗಳಲ್ಲಿ ಒಂದು ಸುತ್ತು ಬಂದರೆ ಸಾಕು. ತದ್ರೂಪಿಯನ್ನು ಸೂಚಿಸುವ ‘ಕ್ಲೋನ್’ ಎಂಬ ಶಬ್ದವೇ ಹುಟ್ಟಿದ್ದು ತೋಟಗಾರಿಕೆಯಲ್ಲಿ. 1996ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಹುಟ್ಟಿದ ‘ಡಾಲಿ’ ಎಂಬ ಕುರಿಮರಿಯ ಮೂಲಕ ಅದು ಜಗತ್ತಿನ ಕಿವಿಗೆ ಬಿತ್ತಾದರೂ, 1903ರಲ್ಲಿಯೇ ಅಮೆರಿಕದ ಸಸ್ಯವಿಜ್ಞಾನಿ ಹರ್ಬರ್ಟ್ ವೆಬರ್ ಅದನ್ನು ಬೀಜದಿಂದಲ್ಲದೆ ತುಂಡಿನಿಂದ ಬೆಳೆಸಿದ ಗಿಡಗಳಿಗಾಗಿ ಬಳಕೆಗೆ ತಂದಿದ್ದನು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ‘ಚಿಗುರು ಕಡ್ಡಿ’.

ಅಡಕೆ ತೋಟದ ನಡುವೆ ನಿಂತ ಬಾಳೆಯನ್ನು ನೋಡಬೇಕು. ಗೊನೆ ಕಡಿದ ಬುಡದ ಪಕ್ಕದಲ್ಲಿ ಕಂದು ಮೇಲೇಳುತ್ತದೆ. ಹೆಸರಿಗೆ ಅದು ಮಗು, ನಿಜಕ್ಕೆ ತಾಯಿಯೇ. ಸೊರಬದ ಕಡೆ ಬೆಳೆಯುವ ಅನಾನಸ್ ದಕ್ಷಿಣ ಅಮೆರಿಕದಿಂದ ಕಡಲು ದಾಟಿ ಬಂದ ಪರದೇಶಿ. ಒಂದೇ ತಳಿಯ ಹೊಲದಲ್ಲಿ ಒಂದು ಗಿಡದ ಪರಾಗ ಇನ್ನೊಂದರಲ್ಲಿ ಬೀಜ ಕಟ್ಟಿಸಲಾರದು. ಏಕೆಂದರೆ ಆ ಇನ್ನೊಂದು ಗಿಡ ತಾನೇ. ಸಾವಿರ ಗಿಡಗಳಿದ್ದರೂ ಅಲ್ಲಿ ಇರುವುದು ಒಂದೇ ಜೀವ. ಶುಂಠಿಯ ಮಾತೂ ಹಾಗೆಯೇ. ರೈತರು ‘ಬಿತ್ತನೆ ಶುಂಠಿ’ ಎಂದು ಕರೆಯುವುದು ಬೀಜವನ್ನಲ್ಲ, ಕಣ್ಣುಳ್ಳ ಗಡ್ಡೆಯ ತುಂಡನ್ನು.

ಈ ಏಕರೂಪತೆಯಲ್ಲಿ ಗುಣವಿಲ್ಲದಿಲ್ಲ. ಅಜ್ಜ ಸವಿದ ಬಾಳೆಯ ರುಚಿಯನ್ನೇ ಮೊಮ್ಮಗನೂ ಸವಿಯುತ್ತಾನೆ. ಒಮ್ಮೆ ಒದಗಿದ ಒಳ್ಳೆಯ ತಳಿ ಕೈತಪ್ಪಿ ಹೋಗುವುದಿಲ್ಲ. ಆದರೆ ಅದೇ ಗುಣ ಗಂಡಾಂತರವೂ ಹೌದು. ಮಳೆ ಹಿಡಿದು ಮಣ್ಣು ಬಸಿಯದೆ ನಿಂತಾಗ ಶುಂಠಿಗೆ ಕೊಳೆರೋಗ ತಗಲುತ್ತದೆ. ಒಂದು ಬುಡದ ಎಲೆ ಹಳದಿಯಾದುದನ್ನು ಕಂಡ ರೈತನ ಎದೆ ಸುಮ್ಮನೆ ಕುಸಿಯುವುದಿಲ್ಲ. ಒಂದು ಗಿಡ ತಡೆಯಲಾರದ ರೋಗವನ್ನು ಅದರ ತದ್ರೂಪಿಗಳಲ್ಲಿ ಯಾವುದೂ ತಡೆಯಲಾರದೆಂಬುದು ಅವನಿಗೆ ಗೊತ್ತು. ಆದುದರಿಂದಲೇ ಅವನು ಗಡ್ಡೆಯನ್ನು ಆರಿಸಿ ಇಡುತ್ತಾನೆ, ಬಸಿಗಾಲುವೆ ತೆಗೆಯುತ್ತಾನೆ, ಮುಂದಿನ ವರ್ಷ ಬೇರೆ ನೆಲವನ್ನು ಹುಡುಕುತ್ತಾನೆ. ಒಂದು ಕಾಲದಲ್ಲಿ ಜಗತ್ತಿನ ಪೇಟೆಗಳನ್ನು ಆಳುತ್ತಿದ್ದ ‘ಗ್ರೋ ಮಿಶೆಲ್’ ಎಂಬ ಬಾಳೆ ಪನಾಮಾ ರೋಗಕ್ಕೆ ತುತ್ತಾಗಿ 1960ರ ದಶಕದ ಹೊತ್ತಿಗೆ ವ್ಯಾಪಾರದಿಂದ ಮರೆಯಾಯಿತು. ಕರ್ನಾಟಕದ ಹೆಮ್ಮೆಯಾದ ನಂಜನಗೂಡು ರಸಬಾಳೆಯನ್ನು ಕುಗ್ಗಿಸಿದ್ದೂ ಈ ಸೊರಗು ರೋಗವೇ.

ಇದಕ್ಕೆ ಎದುರಾಗಿ ಹೊಳೆದಂಡೆಯ ಅಪ್ಪೆಮಿಡಿಯ ಮರಗಳನ್ನು ಇಟ್ಟು ನೋಡಬಹುದು. ಅವು ವಾಟೆಯಿಂದ ಹುಟ್ಟಿದವು. ಆದುದರಿಂದ ಒಂದು ಮರದ ಮಿಡಿಗೆ ಜೀರಿಗೆಯ ಕಂಪು, ಇನ್ನೊಂದಕ್ಕೆ ಕರ್ಪೂರದ ಕಂಪು. ಒಂದು ಉದ್ದ, ಇನ್ನೊಂದು ಗುಂಡು. ಉಪ್ಪಿನಕಾಯಿಗೆ ಮೆಚ್ಚಾದ ಮರದ ಕಡ್ಡಿಯನ್ನು ತಂದು ಮಲೆನಾಡಿನವರು ಕಸಿ ಕಟ್ಟುತ್ತಾರೆ. ಕಸಿ ಇರುವುದನ್ನು ಉಳಿಸುತ್ತದೆ. ಬೀಜ ಇಲ್ಲದುದನ್ನು ಹುಟ್ಟಿಸುತ್ತದೆ. ಹೊಳೆದಂಡೆಯ ಮರಗಳೆಲ್ಲ ಕಡಿದುಹೋದರೆ ನಾಳೆ ಕಸಿ ಕಟ್ಟಲು ಹೊಸ ಕಂಪು ಎಲ್ಲಿಂದ ಬಂದೀತು?

ಜೀವದ ಮಾತು ಇದಾಯಿತು. ಬದುಕಿನ ರೀತಿನೀತಿಗಳ ಮಾತೇನು? ಒಂದೇ ಅಂಡದಿಂದ ಹುಟ್ಟಿದ ಅವಳಿಗಳು ಪ್ರಕೃತಿಯೇ ಮಾಡಿದ ತದ್ರೂಪಿಗಳು. ಆದರೂ ಅವರ ಬೆರಳಿನ ಗುರುತು ಒಂದಲ್ಲ, ಮನಸ್ಸೂ ಒಂದಲ್ಲ. ದೇಹ ಒಂದಾದ ಮಾತ್ರಕ್ಕೆ ಮನಸ್ಸು ಒಂದಾಗಬೇಕೆಂದಿಲ್ಲ. ದೇಹಗಳು ಬೇರೆಯಾದರೂ ಮನಸ್ಸುಗಳನ್ನು ಒಂದೇ ಅಚ್ಚಿಗೆ ಒತ್ತುವ ಸಮಾಜಗಳು ಇಲ್ಲದೆಯೂ ಇಲ್ಲ. ಹೆಚ್ಚು ಅಂಜಬೇಕಾದುದು ಈ ಎರಡನೆಯದಕ್ಕೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಈ ಮಾತಿಗೆ ಸಾಕ್ಷಿಯಾಗಿದೆ. ಅಲ್ಲಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ ಹಲವು ವ್ಯಾಕರಣಗಳನ್ನು, ನ್ಯಾಯ ಸಾಂಖ್ಯ ಮೊದಲಾದ ದರ್ಶನಗಳನ್ನು, ಅವುಗಳೊಡನೆ ಬೌದ್ಧ ಮತವನ್ನೂ ಹೇಳಿಕೊಡುತ್ತಿದ್ದ ತಾಣವೆಂದು ಅದನ್ನು ಹೊಗಳುತ್ತದೆ. ದೀನರಿಗೆ ಅನ್ನ, ರೋಗಿಗಳಿಗೆ ಔಷಧ ಅಲ್ಲಿ ದೊರೆಯುತ್ತಿದ್ದವು. ಶಿವಾಲಯಗಳ ಜತೆಗೆ ವಿಷ್ಣುವಿನ, ಜಿನನ, ಬುದ್ಧನ ಆರಾಧನೆಯೂ ಆ ಊರಿನಲ್ಲಿ ನಡೆಯಿತು. ಅಲ್ಲಮಪ್ರಭು ಬಳ್ಳಿಗಾವೆಯವನೆಂದೂ ಅಕ್ಕಮಹಾದೇವಿ ಅದೇ ಸೀಮೆಯ ಉಡುತಡಿಯವಳೆಂದೂ ಪರಂಪರೆ ಹೇಳುತ್ತದೆ. ಒಂದೇ ನೆಲದಲ್ಲಿ, ಒಂದೇ ಶತಮಾನದಲ್ಲಿ ಮೂಡಿದ ಈ ಎರಡು ದನಿಗಳಲ್ಲಿ ಒಂದು ಇನ್ನೊಂದರ ನಕಲಲ್ಲ. ಅಲ್ಲಮನ ಬೆಡಗೇ ಬೇರೆ, ಅಕ್ಕನ ಹಂಬಲವೇ ಬೇರೆ. ಎರಡೂ ಕೂಡಿದುದರಿಂದಲೇ ಕನ್ನಡದ ವಚನ ಸಂಪತ್ತು ಬೆಳೆಯಿತು.

ಒಂದೇ ಅಚ್ಚಿನ ಲೋಕದಲ್ಲಿ ಜಗಳ ಕಡಿಮೆಯಾಗಬಹುದು. ಆದರೆ ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ. ಅಲ್ಲಿ ಒಬ್ಬ ಅರಿಯದುದನ್ನು ಅರಿತ ಇನ್ನೊಬ್ಬನಿಲ್ಲ. ಒಬ್ಬ ಸೋತಾಗ ನಿಲ್ಲಬಲ್ಲ ಇನ್ನೊಬ್ಬನಿಲ್ಲ. ತನ್ನಂತಿಲ್ಲದವನು ನೆರೆಯಲ್ಲಿ ಇರುವುದು ಮನುಷ್ಯನಿಗೆ ಒಮ್ಮೊಮ್ಮೆ ಕಿರಿಕಿರಿ. ಆದರೆ ಕೊಳೆರೋಗ ಬಂದ ವರ್ಷ ಹೊಲವನ್ನು ಉಳಿಸುವುದು ಅಂಥ ಬೇರೆಯ ಗಿಡವೇ.