ತೊಟ್ಟಿಯ ಮನೆಗೆ ಬೆಲೆ ಕಟ್ಟುವವರಾರು?

ಭದ್ರಾವತಿಯಲ್ಲಿ ನೆಲೆಸಿರುವ ನಮ್ಮ ಬಂಧುಗಳೊಬ್ಬರ ಪೂರ್ವಿಕರ ಮನೆ ಶಿವಮೊಗ್ಗೆಯ ಹಳೆಯ ಪೇಟೆಯಲ್ಲಿದೆ. ಅದು ಮಾರಾಟಕ್ಕಿದೆಯೆಂದು ತಿಳಿದು, ಒಮ್ಮೆ ಕಣ್ತುಂಬ ನೋಡಿ ಬರೋಣವೆಂದು ನಾವು ಅವರೊಡನೆ ಹೊರಟೆವು.

ಬಸ್ಸಿನಲ್ಲಿ ಬಂಧುಗಳು ಹಳೆಯದನ್ನು ನೆನೆದರು. ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದಾಗ ಅವರ ಅಜ್ಜ ಕಾರ್ಖಾನೆಗೆ ಸೇರಿ ಶಿವಮೊಗ್ಗೆಯನ್ನು ಬಿಟ್ಟರಂತೆ. ಕೆಮ್ಮಣ್ಣುಗುಂಡಿಯ ಅದಿರನ್ನು ಆಗ ಕರಗಿಸುತ್ತಿದ್ದುದು ಕಟ್ಟಿಗೆಯ ಇದ್ದಲಿನಿಂದ. ಮಲೆನಾಡಿನ ಮರ ಅಲ್ಲಿ ಇದ್ದಲಾಗಿ ಉರಿಯಿತು; ಇಲ್ಲಿ ಮನೆಯ ಕಂಬವಾಗಿ ನಿಂತಿತು.

ಬೀದಿಗೆ ಜಗಲಿ, ದಪ್ಪ ಹಲಗೆಯ ಬಾಗಿಲು, ಎತ್ತರದ ಹೊಸ್ತಿಲು. ತಲೆ ಬಾಗಿಸಿ ಒಳಹೊಕ್ಕರೆ ಬೆಳಕು ತುಂಬಿದ ತೊಟ್ಟಿ. ಅದರ ಸುತ್ತ ಪಡಸಾಲೆ. ಕಲ್ಲಿನ ಪೀಠದ ಮೇಲೆ ನಿಂತ ಕಂಬಗಳ ಬೋದಿಗೆಗಳಲ್ಲಿ ಬಾಳೆಮೊಗ್ಗಿನ ಕೆತ್ತನೆ. ಮಾಡಿನ ಮಳೆನೀರು ತೊಟ್ಟಿಗೆ ಬಿದ್ದು ಕಲ್ಲುಗಾಲುವೆಯಲ್ಲಿ ಹೊರಹೋಗುತ್ತದೆ. ಬೇಸಗೆಯ ಬಿಸಿಗಾಳಿಯೂ ಇಲ್ಲಿಂದಲೇ ಮೇಲಕ್ಕೇರಿ ಹೋಗುವುದರಿಂದ ಒಳಗೆ ತಂಪು. ಹಲಗೆ ಹಾಸಿ ಮಣ್ಣು ಮೆತ್ತಿದ ಅಟ್ಟ, ಗೋಡೆಯಲ್ಲಿ ದೀಪದ ಗೂಡು, ಬಚ್ಚಲಲ್ಲಿ ತಾಮ್ರದ ಹಂಡೆ, ಪೂಜೆಯ ಕೋಣೆ, ಎಲ್ಲವೂ ಇದ್ದಂತೆಯೇ ಇವೆ. ಮಾಡಿಗೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಬಳಿಕ ಹರಡಿದ ಹೆಂಚು ಇದು.

ಈ ಮನೆಯಲ್ಲಿ ಈಗಿರುವವರು ಬಂಧುಗಳ ಸೋದರತ್ತೆಯೊಬ್ಬರೇ. ನಮಗೆ ಮಜ್ಜಿಗೆ ಕೊಟ್ಟು ಆ ಹಿರಿಯರು ಹೇಳಿದರು: "ಬಂದವರೆಲ್ಲ ಕಂಬ ತಟ್ಟಿ ನೋಡಿದರಪ್ಪಾ, ಬಾಗಿಲಿಗೆ ಇಷ್ಟು, ತೊಲೆಗೆ ಇಷ್ಟು ಅಂದರು. ಮನೆಗೆ ಎಷ್ಟು ಅಂತ ಒಬ್ಬರೂ ಕೇಳಲಿಲ್ಲ."

ನಮಗೆ ಉತ್ತರ ತೋಚಲಿಲ್ಲ. ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಹಣ, ಇಡಿಯಾಗಿ ಮಾರಿದರೆ ಕಡಿಮೆ. ಪಾಲುದಾರರು ಐವರು, ಅವರಿಗೂ ಮಕ್ಕಳ ಓದು, ಮದುವೆಗಳಿವೆ. ಮಳೆಗಾಲಕ್ಕೆ ಮೊದಲು ಪ್ರತಿವರ್ಷ ಹೆಂಚು ಕೈಯಾಡಿಸಬೇಕು, ಗೆದ್ದಲು ಹತ್ತದಂತೆ ಕಾಯಬೇಕು. ಮಾರಲು ಹೊರಟವರನ್ನು ದೂಷಿಸುವುದು ಹೇಗೆ?

ಮಧ್ಯಾಹ್ನ ತುಂಗೆಯ ದಡದ ಶಿವಪ್ಪನಾಯಕನ ಅರಮನೆಗೆ ಹೋದೆವು. ಕೆಳದಿಯ ಆ ಅರಸನ ಹೆಸರು ಅದಕ್ಕಿದ್ದರೂ, ಕಟ್ಟಡವು 18ನೆಯ ಶತಮಾನದಲ್ಲಿ ಹೈದರಾಲಿಯು ಕಟ್ಟಿಸಿದ್ದೆಂದು ವಿದ್ವಾಂಸರ ಅಭಿಪ್ರಾಯ. ಇಲ್ಲಿಯೂ ಭಾರಿ ಮರದ ಕಂಬಗಳೇ. ಇದು ಸರ್ಕಾರದ ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಅರಮನೆಯನ್ನು ಸರ್ಕಾರ ಕಾಯುತ್ತದೆ. ಮನೆಯನ್ನು ಮನೆಯವರೇ ಕಾಯಬೇಕು.

ಸಂಜೆ ಮನೆಗೆ ಮರಳಿ ಜಗಲಿಯಲ್ಲಿ ಕುಳಿತಾಗ ಬಂಧುಗಳು ಸೋದರತ್ತೆಗೆ ಮಾತು ಕೊಟ್ಟರು: "ವಾಸಕ್ಕೆಂದು ಇಡಿಯಾಗಿ ಕೊಳ್ಳುವವರು ಸಿಕ್ಕರೆ ನನ್ನ ಪಾಲಿನಲ್ಲಿ ಒಂದಿಷ್ಟು ಬಿಟ್ಟುಕೊಡುತ್ತೇನೆ, ಅತ್ತೆ. ಉಳಿದವರನ್ನೂ ಕೇಳುತ್ತೇನೆ." ಅವರು ಒಪ್ಪುವರೋ ಇಲ್ಲವೋ, ಕಾಲವೇ ಹೇಳಬೇಕು.

ಓದುಗ ಬಂಧುಗಳೇ, ನಿಮ್ಮಲ್ಲಿಯೂ ಇಂಥ ಮನೆಯಿದ್ದರೆ, ಮಾರುವ ಮೊದಲು ಅದರ ಅಳತೆ ಬರೆದಿಡಿ, ಚಿತ್ರ ತೆಗೆದಿಡಿ, ಹಿರಿಯರಿಂದ ಅದರ ಕಥೆ ಕೇಳಿಡಿ. ಕಂಬಕ್ಕೆ ಬೆಲೆ ಕಟ್ಟುವವರು ಹೊರಗಿನಿಂದ ಬರುತ್ತಾರೆ. ಮನೆಗೆ ಬೆಲೆ ಕಟ್ಟಬೇಕಾದವರು ಅದರಲ್ಲಿ ಬೆಳೆದ ನಾವೇ.